ಹುಡುಕಾಟ ಕಲಿಸಿದ ವಿಜ್ಞಾನ ತನ್ನ ಪೇಪರ್‌ಗಳನ್ನು ಹೇಗೆ ತೂಗುತ್ತಿದೆ?

1972ರಲ್ಲಿ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ಬ್ರಿಟಿಷ್ ಸಂಶೋಧಕಿ ‘ಜರ್ನಲ್ ಆಫ್ ಡಾಕ್ಯುಮೆಂಟೇಶನ್’ ಎಂಬ ಜರ್ನಲ್‌ನಲ್ಲಿ, ಅಂದರೆ ಸಂಶೋಧನಾ ಪತ್ರಿಕೆಯಲ್ಲಿ, ಒಂದು ಪೇಪರ್ (ಸಂಶೋಧನಾ ಬರಹ) ಪ್ರಕಟಿಸಿದರು. ವಿಚಾರ ತೀರಾ ಸರಳ. ಎಲ್ಲ ಕಡೆ ಸಿಗುವ ಪದದಿಂದ ಹುಡುಕಾಟಕ್ಕೆ ಹೆಚ್ಚು ಪ್ರಯೋಜನವಿಲ್ಲ, ಅಪರೂಪಕ್ಕೆ ಸಿಗುವ ಪದಕ್ಕೇ ಬೆಲೆ ಜಾಸ್ತಿ. ‘ಮಲೇರಿಯಾ ಬಗ್ಗೆ ಮಾಹಿತಿ’ ಅಂತ ಹುಡುಕಿದರೆ ‘ಬಗ್ಗೆ’, ‘ಮಾಹಿತಿ’ ಎಲ್ಲ ಬರಹಗಳಲ್ಲೂ ಇರುತ್ತವೆ. ನಮಗೆ ದಾರಿ ತೋರಿಸುವುದು ‘ಮಲೇರಿಯಾ’ ಒಂದೇ. ಪದಗಳಿಗೆ ಹೀಗೆ ತೂಕ ಕೊಡುವ ಲೆಕ್ಕ ಮುಂದೆ ಹೆಚ್ಚುಕಡಿಮೆ ಎಲ್ಲ ಸರ್ಚ್ ವ್ಯವಸ್ಥೆಗಳ ಒಳಗೂ ಸೇರಿಕೊಂಡಿತು. ಲಂಡನ್ನಿನ ಸಿಟಿ ಯೂನಿವರ್ಸಿಟಿಯ ಓಕಪಿ ತಂಡ 1994ರಲ್ಲಿ ತಂದ ಬಿಎಂ25 ಎಂಬ ಸೂತ್ರದಲ್ಲೂ ಅದೇ ಲೆಕ್ಕವಿದೆ. ಇವತ್ತು ಎಐ ಬಳಸಿ ಹೊಸ ಹುಡುಕಾಟದ ಮಾಡೆಲ್ ಕಟ್ಟಿದವರೂ ಮೊದಲು ಹೋಲಿಸಿ ನೋಡುವುದು ಬಿಎಂ25 ಜೊತೆಗೇ.

ಒಂದು ಜರ್ನಲ್ ಪೇಪರ್ ಮಾಡಬಹುದಾದ ಕೆಲಸ ಇಷ್ಟು ದೊಡ್ಡದು. ಹಾಗಾಗಿಯೇ ಇನ್‌ಫರ್ಮೇಶನ್ ರಿಟ್ರೀವಲ್ (ಮಾಹಿತಿ ಹುಡುಕಾಟದ ವಿಜ್ಞಾನ), ಡೇಟಾ ಸೈನ್ಸ್ ಕ್ಷೇತ್ರಗಳ ಜರ್ನಲ್‌ಗಳ ಈಗಿನ ಸ್ಥಿತಿ ನೋಡಿದರೆ ಸಂಕಟವಾಗುತ್ತದೆ. ಜರ್ನಲ್‌ಗೆ ಮೊದಲಿಂದಲೂ ಎರಡು ಕೆಲಸ. ಹೊಸ ಸಂಶೋಧನೆಯ ಸುದ್ದಿ ಮುಟ್ಟಿಸುವುದು ಒಂದು, ಅದು ನಿಜವೇ ಎಂದು ಪರೀಕ್ಷಿಸುವುದು ಇನ್ನೊಂದು. ಸುದ್ದಿ ಮುಟ್ಟಿಸುವ ಕೆಲಸ ಕೈಬಿಟ್ಟು ಹೋಗಿ ವರ್ಷಗಳೇ ಆದವು. ಉಳಿದಿರುವುದು ಪರೀಕ್ಷೆ. ಅದಕ್ಕೆ ಬೇಕಾದ ಸಮಯವನ್ನೂ ಹಣವನ್ನೂ ನಾವು ಕೊಡುತ್ತಿಲ್ಲ.

ಸುದ್ದಿ ಕೈಬಿಟ್ಟ ಕತೆ ಎಲ್ಲರಿಗೂ ಗೊತ್ತಿರುವುದೇ. 1991ರಲ್ಲಿ ಭೌತವಿಜ್ಞಾನಿಗಳಿಗಾಗಿ ಶುರುವಾದ, ಪೇಪರನ್ನು ವಿಮರ್ಶೆಗೆ ಮೊದಲೇ ಹಾಕಬಹುದಾದ ಆರ್ಕೈವ್ ತಾಣಕ್ಕೆ ಕಂಪ್ಯೂಟರ್ ವಿಜ್ಞಾನದವರೂ ಬಂದರು. ಪದಗಳನ್ನು ಸಂಖ್ಯೆಗಳ ಸಾಲಾಗಿ ಮಾಡುವ ವರ್ಡ್2ವೆಕ್ 2013ರಲ್ಲಿ, ಈಗಿನ ಎಲ್ಲ ಭಾಷಾ ಮಾಡೆಲ್‌ಗಳಿಗೆ ಬುನಾದಿಯಾದ ಟ್ರಾನ್ಸ್‌ಫಾರ್ಮರ್ 2017ರಲ್ಲಿ, ಹುಡುಕಾಟದ ಸಂಶೋಧನೆಯ ದಿಕ್ಕನ್ನೇ ಬದಲಿಸಿದ ಬರ್ಟ್ ಎಂಬ ಭಾಷಾ ಮಾಡೆಲ್ 2018ರಲ್ಲಿ ಜನರಿಗೆ ಮೊದಲು ಸಿಕ್ಕಿದ್ದು ಅಲ್ಲೇ. ಅದೇ ಕ್ಷೇತ್ರದ ಬೇರೆ ಸಂಶೋಧಕರಾದ ವಿಮರ್ಶಕರ ಒಪ್ಪಿಗೆ ಪಡೆದು ಜರ್ನಲ್‌ನಲ್ಲಿ ಅಚ್ಚಾಗುವಷ್ಟರಲ್ಲಿ ಮುಂದಿನ ಮಾಡೆಲ್ ಬಂದಿರುತ್ತದೆ. ಜೊತೆಗೆ ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಮೊದಲು ಹೋಗುವುದು ಸಿಗಿರ್, ಕೆಡಿಡಿ, ನ್ಯೂರಿಪ್ಸ್‌ನಂಥ ಕಾನ್ಫರೆನ್ಸ್‌ಗಳಿಗೆ.

ಹಾಗಂತ ಜರ್ನಲ್‌ಗಳು ಸಣ್ಣವಲ್ಲ. 1950ರಲ್ಲಿ ‘ಅಮೆರಿಕನ್ ಡಾಕ್ಯುಮೆಂಟೇಶನ್’ ಹೆಸರಲ್ಲಿ ಹುಟ್ಟಿದ ಪತ್ರಿಕೆ ಇವತ್ತು ಜಾಸಿಸ್ಟ್ ಎಂದು ಹೆಸರಾಗಿದೆ. 1963ರಲ್ಲಿ ಶುರುವಾದ ‘ಇನ್‌ಫರ್ಮೇಶನ್ ಸ್ಟೋರೇಜ್ ಅಂಡ್ ರಿಟ್ರೀವಲ್’ ಈಗ ‘ಇನ್‌ಫರ್ಮೇಶನ್ ಪ್ರೊಸೆಸಿಂಗ್ ಅಂಡ್ ಮ್ಯಾನೇಜ್‌ಮೆಂಟ್’. ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ 1983ರಲ್ಲಿ ಕಚೇರಿ ಮಾಹಿತಿ ವ್ಯವಸ್ಥೆಗಳ ಬಗ್ಗೆ ತೆರೆದ ಪತ್ರಿಕೆಯೇ ಮುಂದೆ ಟಾಯ್ಸ್ ಆಯಿತು. ಕಾನ್ಫರೆನ್ಸ್‌ನಲ್ಲಿ ಪುಟಗಳ ಮಿತಿ ಇದೆ, ಕೊನೇ ದಿನಾಂಕದ ಒತ್ತಡ ಇದೆ. ಜರ್ನಲ್‌ನಲ್ಲಿ ವಿಮರ್ಶಕರು ಪ್ರಶ್ನೆ ಕೇಳಬಹುದು, ಲೇಖಕರು ಪ್ರಯೋಗವನ್ನೇ ಮತ್ತೆ ಮಾಡಿ ಉತ್ತರ ಕೊಡಬಹುದು, ಎರಡು ಮೂರು ಸುತ್ತು ತಿದ್ದುಪಡಿ ನಡೆಯಬಹುದು. ನಿಧಾನವಾಗಿರುವುದೇ ಇಲ್ಲಿನ ಬಲ. ಆದರೆ ಆ ನಿಧಾನವನ್ನು ಪರೀಕ್ಷೆಗೆ ಬಳಸಿಕೊಂಡರೆ ಮಾತ್ರ.

ಈ ಪರೀಕ್ಷೆಯ ವಿಷಯದಲ್ಲಿ ನನಗೆ ತೀರಾ ಬೇಸರ ತರಿಸುವುದು ಒಂದಿದೆ. ಇನ್‌ಫರ್ಮೇಶನ್ ರಿಟ್ರೀವಲ್ ಹುಟ್ಟಿದ್ದೇ ಪ್ರಾಮಾಣಿಕ ಪರೀಕ್ಷೆಯಿಂದ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ವಿಮಾನಶಾಸ್ತ್ರದ ಕಾಲೇಜಿತ್ತು. ಅಲ್ಲಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲಿ ಒಂದು ಪ್ರಯೋಗ ಕಟ್ಟಿದರು. ವಿಮಾನಶಾಸ್ತ್ರದ 1,400 ಪೇಪರ್‌ಗಳು, 225 ಪ್ರಶ್ನೆಗಳು. ಪ್ರಶ್ನೆಗಳನ್ನು ಅವರು ಕೂತು ಕಲ್ಪಿಸಿಕೊಳ್ಳಲಿಲ್ಲ. ಸಂಶೋಧಕರಿಗೆ ಪತ್ರ ಬರೆದು, ನಿಮ್ಮ ಪೇಪರ್ ಬರೆಯಲು ಕಾರಣವಾದ ಪ್ರಶ್ನೆ ಯಾವುದು ಎಂದು ಕೇಳಿದರು. ಯಾವ ಪ್ರಶ್ನೆಗೆ ಯಾವ ಪೇಪರ್ ಉತ್ತರ ಕೊಡುತ್ತದೆ ಎಂದು ಮನುಷ್ಯರೇ ಓದಿ ಗುರುತು ಹಾಕಿದರು. ಆಮೇಲೆ ಪೇಪರ್‌ಗಳಿಗೆ ವಿಷಯದ ಗುರುತು ಹಚ್ಚುವ ಬೇರೆ ಬೇರೆ ಸೂಚಿ ಪದ್ಧತಿಗಳನ್ನೆಲ್ಲ ಅದೇ ಪ್ರಶ್ನೆ, ಅದೇ ಪೇಪರ್‌ಗಳ ಮೇಲೆ ಓಡಿಸಿ ನೋಡಿದರು. ತಜ್ಞರು ಕಷ್ಟಪಟ್ಟು ಕಟ್ಟಿದ ಪದ್ಧತಿಗಳಿಗಿಂತ ಬರಹದಲ್ಲೇ ಇರುವ ಬಿಡಿ ಪದಗಳು ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ಗೊತ್ತಾಯಿತು. ಆ ಕಾಲದ ಗ್ರಂಥಪಾಲಕರಿಗೆ ಇದು ನುಂಗಲಾರದ ತುತ್ತು. ಆದರೂ ಪರೀಕ್ಷೆ ಎಲ್ಲರಿಗೂ ಒಂದೇ ಆಗಿದ್ದರಿಂದ ವಾದಕ್ಕೆ ನೆಲೆ ಸಿಕ್ಕಿತು. 1992ರಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಶುರು ಮಾಡಿದ ಟ್ರೆಕ್ ಎಂಬ ಹುಡುಕಾಟದ ಪರೀಕ್ಷಾ ಕೂಟ ಇದೇ ಪದ್ಧತಿಯನ್ನು ಲಕ್ಷಾಂತರ ಬರಹಗಳ ಮಟ್ಟಕ್ಕೆ ಒಯ್ದಿತು.

ಇಂಥ ಪರಂಪರೆ ಇರುವ ಕ್ಷೇತ್ರ ತನ್ನ ಸಂಶೋಧನೆಯನ್ನೇ ಅಳೆಯಲು ಹೊರಟಾಗ ಮಾತ್ರ ಉಲ್ಲೇಖಗಳನ್ನು, ಅಂದರೆ ಒಂದು ಪೇಪರನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಹೆಸರಿಸಿವೆ ಎಂಬುದನ್ನು, ಎಣಿಸುತ್ತದೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ದೊಡ್ಡ ಗುಟ್ಟೇನಲ್ಲ. ಜರ್ನಲ್ ಒಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪೇಪರ್‌ಗಳಿಗೆ ಈ ವರ್ಷ ಎಷ್ಟು ಉಲ್ಲೇಖ ಬಂತು ಎಂದು ಎಣಿಸಿ, ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಯುಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಕಟ್ಟಿದ ಉಲ್ಲೇಖ ಸೂಚಿಯಿಂದ ಬಂದ ಅಳತೆ ಇದು. ಲೈಬ್ರರಿಗಳಿಗೆ ಯಾವ ಜರ್ನಲ್ ತರಿಸಬೇಕು ಎಂದು ನಿರ್ಧರಿಸಲು ಉಪಯೋಗಕ್ಕೆ ಬರುತ್ತಿತ್ತು. ಈಗ ಅದೇ ಸಂಖ್ಯೆಯ ಮೇಲೆ ಮನುಷ್ಯರ ಕೆಲಸ, ಬಡ್ತಿ, ಅನುದಾನ ನಿಂತಿವೆ. ಒಂದು ಜರ್ನಲ್‌ಗೆ ಬರುವ ಉಲ್ಲೇಖಗಳಲ್ಲಿ ದೊಡ್ಡ ಪಾಲು ಕೆಲವೇ ಪೇಪರ್‌ಗಳದ್ದಾಗಿರುತ್ತದೆ. ಸರಾಸರಿ ನೋಡಿ ಉಳಿದ ಪೇಪರ್‌ಗಳ ಗುಣ ಹೇಳಲಾಗದು ಎಂಬುದು ಡೇಟಾ ಸೈನ್ಸ್ ಓದುವವರಿಗೆ ಮೊದಲ ತರಗತಿಯಲ್ಲೇ ಹೇಳಿಕೊಡುವ ಪಾಠ ಅಲ್ವಾ?

ಇದರ ಜೊತೆಗೆ ಇನ್ನೊಂದು ಸಂಬಂಧವಿದೆ. ಗೂಗಲ್‌ನ ಬೆನ್ನೆಲುಬಾಗಿದ್ದ ಪೇಜ್‌ರ್‍ಯಾಂಕ್ ಹುಟ್ಟಿದ್ದು ಸಂಶೋಧನಾ ಉಲ್ಲೇಖಗಳ ಯೋಚನೆಯಿಂದಲೇ. ಲ್ಯಾರಿ ಪೇಜ್, ಸರ್ಗೆ ಬ್ರಿನ್ ಮತ್ತು ಜೊತೆಗಾರರು 1990ರ ದಶಕದ ಕೊನೆಯಲ್ಲಿ ಬರೆದ ವರದಿ ಇದನ್ನು ನೇರವಾಗಿಯೇ ಹೇಳುತ್ತದೆ. ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕು, ಒಂದು ಪೇಪರ್ ಇನ್ನೊಂದನ್ನು ಉಲ್ಲೇಖಿಸಿದ ಹಾಗೆ. ಆಮೇಲೆ ಏನಾಯಿತು? ಲಿಂಕುಗಳಿಗೆ ಬೆಲೆ ಇದೆ ಎಂದು ಗೊತ್ತಾದ ಕೂಡಲೇ ಜನ ಲಿಂಕುಗಳನ್ನು ತಯಾರಿಸತೊಡಗಿದರು. ಒಂದಕ್ಕೊಂದು ಲಿಂಕು ಕೊಟ್ಟುಕೊಳ್ಳುವ ಪೊಳ್ಳು ತಾಣಗಳ ಗುಂಪುಗಳೇ ಎದ್ದವು. ಅವುಗಳನ್ನು ಪತ್ತೆಹಚ್ಚಿ ಕೆಳಗೆ ತಳ್ಳುವುದು ಹೇಗೆಂದು ಈ ಕ್ಷೇತ್ರದವರು ಪೇಪರ್ ಮೇಲೆ ಪೇಪರ್ ಬರೆದರು. 2004ರಲ್ಲಿ ಬಂದ ಟ್ರಸ್ಟ್‌ರ್‍ಯಾಂಕ್ ಅಂಥದ್ದೇ ಒಂದು. ನಂಬಬಹುದಾದ ಕೆಲವು ಪುಟಗಳನ್ನು ಮನುಷ್ಯರು ಆರಿಸಿ, ಅಲ್ಲಿಂದ ನಂಬಿಕೆಯನ್ನು ಲಿಂಕುಗಳ ಮೂಲಕ ಹರಿಸುವ ವಿಧಾನ ಅದು.

ಉಲ್ಲೇಖಗಳ ಲೋಕದಲ್ಲೂ ಅದೇ ಆಟ ನಡೆಯುತ್ತಿದೆ. ಪರಸ್ಪರ ಉಲ್ಲೇಖಿಸಿಕೊಳ್ಳುವ ಕೂಟಗಳಿವೆ. ‘ನಮ್ಮ ಜರ್ನಲ್‌ನ ಇನ್ನಷ್ಟು ಪೇಪರ್ ಉಲ್ಲೇಖಿಸಿ’ ಎಂದು ಲೇಖಕರನ್ನು ಒತ್ತಾಯಿಸುವ ಸಂಪಾದಕರಿದ್ದಾರೆ. ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವ ಕ್ಲಾರಿವೇಟ್ ಇಂಥ ಅತಿರೇಕಗಳಿಗಾಗಿ ಕೆಲವು ಜರ್ನಲ್‌ಗಳ ಅಂಕಿಯನ್ನೇ ತಡೆಹಿಡಿಯುತ್ತದೆ. ಅಂದರೆ ರೋಗ ಏನೆಂದು ಎಲ್ಲರಿಗೂ ಗೊತ್ತು. ವೆಬ್‌ನಲ್ಲಿ ಈ ರೋಗವನ್ನು ಎಲ್ಲರಿಗಿಂತ ಮೊದಲು ಕಂಡ ಕ್ಷೇತ್ರವೇ ತನ್ನ ಮನೆಯಲ್ಲಿ ಅದೇ ಅಳತೆಗೋಲು ಹಿಡಿದು ಕೂತಿರುವುದನ್ನು ನಾನು ಒಪ್ಪಲಾರೆ.

ಪೇಪರ್‌ಗಳನ್ನೇ ತಯಾರಿಸಿ ಮಾರುವ ದಂಧೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಸುದ್ದಿ ಆಗಿದೆ. ಹಿಂದಾವಿ ಎಂಬ ಪ್ರಕಾಶನವನ್ನು 2021ರಲ್ಲಿ ವೈಲಿ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಸುಮಾರು 30 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. 2023ರಲ್ಲಿ ಅದರ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ವಾಪಸ್ ಪಡೆಯಬೇಕಾಯಿತು. ಹಿಂದಾವಿ ಎಂಬ ಹೆಸರನ್ನೇ ಕೈಬಿಟ್ಟರು. ವಾಪಸಾದವುಗಳಲ್ಲಿ ‘ಮೊಬೈಲ್ ಇನ್‌ಫರ್ಮೇಶನ್ ಸಿಸ್ಟಮ್ಸ್’, ‘ಕಂಪ್ಯುಟೇಶನಲ್ ಇಂಟೆಲಿಜೆನ್ಸ್ ಅಂಡ್ ನ್ಯೂರೋಸೈನ್ಸ್’ನಂಥ ಜರ್ನಲ್‌ಗಳ ಪಾಲು ದೊಡ್ಡದಿತ್ತು. ಅತಿಥಿ ಸಂಪಾದಕರು ನಡೆಸುವ ವಿಶೇಷ ಸಂಚಿಕೆಗಳೇ ಒಳನುಸುಳುವ ಬಾಗಿಲಾಗಿದ್ದವು.

ಆದರೆ ಈ ಪೇಪರ್‌ಗಳು ಹೇಗಿರುತ್ತವೆ ಎಂದು ಒಂದನ್ನಾದರೂ ಹತ್ತಿರದಿಂದ ನೋಡಬೇಕು. ಗಿಯೋಮ್ ಕಬನಾಕ್, ಸಿರಿಲ್ ಲಾಬೆ, ಅಲೆಕ್ಸಾಂಡರ್ ಮಗಾಜಿನೋವ್ ಎಂಬ ಮೂವರು 2021ರಲ್ಲಿ ‘ಹಿಂಸೆಗೊಳಗಾದ ನುಡಿಗಟ್ಟು’ಗಳ ಪಟ್ಟಿ ಹೊರತಂದರು. ಒಂದು ಇಂಗ್ಲಿಷ್ ಪೇಪರ್‌ನಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಇರಬೇಕಾದ ಕಡೆ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಎಂದಿತ್ತು, ಅಂದರೆ ಖೋಟಾ ಪ್ರಜ್ಞೆ. ‘ಬಿಗ್ ಡೇಟಾ’ ಬದಲು ‘ಕೊಲೋಸಲ್ ಇನ್‌ಫರ್ಮೇಶನ್’. ಬೇರೆಯವರ ಬರಹ ಕದ್ದು, ಕಳ್ಳತನ ಹಿಡಿಯುವ ಸಾಫ್ಟ್‌ವೇರ್‌ನ ಕಣ್ಣು ತಪ್ಪಿಸಲು ಪದಗಳನ್ನು ಯಂತ್ರದಿಂದ ಅದಲು ಬದಲು ಮಾಡಿದಾಗ ಹೀಗಾಗುತ್ತದೆ. ‘ಖೋಟಾ ಪ್ರಜ್ಞೆ’ ಎಂದು ಮತ್ತೆ ಮತ್ತೆ ಬರೆದಿರುವ ಪೇಪರ್ ವಿಮರ್ಶಕರನ್ನು, ಸಂಪಾದಕರನ್ನು, ಪ್ರೂಫ್ ನೋಡುವವರನ್ನು ದಾಟಿಕೊಂಡು ಬಂದು ಹೆಸರಾಂತ ಪ್ರಕಾಶಕರ ಜರ್ನಲ್‌ನಲ್ಲಿ ಅಚ್ಚಾಗಿದೆ ಎಂದರೆ, ಆ ದಾರಿಯಲ್ಲಿ ಅದನ್ನು ಯಾರೂ ಓದಿಲ್ಲ ಎಂದೇ ಅರ್ಥ.

ಖೋಟಾ ಪೇಪರ್‌ಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಒಳ್ಳೆಯ ಹೆಸರಿನವರು, ಒಳ್ಳೆಯ ಜಾಗದಲ್ಲಿ ಪ್ರಕಟಿಸಿದ ಪೇಪರ್‌ಗಳು. ಇಲ್ಲಿ ಮೋಸವಿಲ್ಲ. ಆದರೆ ಹೋಲಿಕೆ ಸರಿಯಿಲ್ಲ.

2009ರಲ್ಲಿ ಆರ್ಮ್‌ಸ್ಟ್ರಾಂಗ್, ಮೊಫಾಟ್, ವೆಬರ್, ಝೋಬೆಲ್ ಎಂಬ ನಾಲ್ವರು ಒಂದು ಕೆಲಸ ಮಾಡಿದರು. ಸುಮಾರು ಹತ್ತು ವರ್ಷಗಳಲ್ಲಿ ಸಿಗಿರ್, ಸಿಐಕೆಎಂ ಕಾನ್ಫರೆನ್ಸ್‌ಗಳಲ್ಲಿ ಬಂದ ಪೇಪರ್‌ಗಳನ್ನು ಗುಡ್ಡೆ ಹಾಕಿ, ಒಂದೇ ಟ್ರೆಕ್ ಸಂಗ್ರಹದ ಮೇಲೆ ಅವು ಕೊಟ್ಟ ಅಂಕಗಳನ್ನು ಸಾಲಾಗಿ ಜೋಡಿಸಿದರು. ಪ್ರತಿ ಪೇಪರ್ ಕೂಡ ‘ಹಿಂದಿನದಕ್ಕಿಂತ ಉತ್ತಮ’ ಎನ್ನುತ್ತದೆ. ಹಾಗಿದ್ದರೆ ಗೆರೆ ವರ್ಷದಿಂದ ವರ್ಷಕ್ಕೆ ಮೇಲೇರಬೇಕು. ಏರಿರಲಿಲ್ಲ. ಪ್ರತಿಯೊಬ್ಬರೂ ಹೋಲಿಕೆಗೆ ದುರ್ಬಲವಾದ ಹಳೆಯ ವಿಧಾನವನ್ನೇ ಆರಿಸಿಕೊಂಡಿದ್ದರು. ಕುಂಟುವ ಕುದುರೆಯ ಪಕ್ಕ ಓಡಿ ಗೆದ್ದ ಹಾಗೆ. ಎಷ್ಟೋ ‘ಹೊಸ’ ಅಂಕಗಳು 1990ರ ದಶಕದ ಒಳ್ಳೆಯ ಟ್ರೆಕ್ ವ್ಯವಸ್ಥೆಗಳನ್ನೂ ಮುಟ್ಟಿರಲಿಲ್ಲ.

ಹತ್ತು ವರ್ಷ ಕಳೆದು 2019ರಲ್ಲಿ ಫೆರಾರಿ ಡಕ್ರೆಮಾ, ಕ್ರೆಮೊನೇಸಿ, ಯಾನಾಖ್ ಇದೇ ಪ್ರಶ್ನೆಯನ್ನು ಶಿಫಾರಸು ವ್ಯವಸ್ಥೆಗಳಿಗೆ ಕೇಳಿದರು. ನಿಮಗೆ ಯಾವ ಸಿನಿಮಾ ಇಷ್ಟವಾಗಬಹುದು ಎಂದು ಊಹಿಸುವ ವ್ಯವಸ್ಥೆಗಳಿವು. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಬಂದ 18 ನ್ಯೂರಲ್ (ಈಗಿನ ಎಐ ಬಗೆಯ) ವಿಧಾನಗಳನ್ನು ತೆಗೆದುಕೊಂಡರು. ತಕ್ಕಮಟ್ಟಿನ ಶ್ರಮ ಹಾಕಿ ಮತ್ತೆ ಓಡಿಸಲು ಸಾಧ್ಯವಾದದ್ದು 7 ಮಾತ್ರ. ಆ ಏಳರಲ್ಲಿ ಆರನ್ನು, ‘ನಿಮ್ಮಂಥ ಅಭಿರುಚಿಯವರು ನೋಡಿದ್ದು ಇದು’ ಎಂಬ ಮಟ್ಟದ ಸರಳ ಹಳೆಯ ವಿಧಾನಗಳೇ ಹಲವು ಕಡೆ ಹಿಂದೆ ಹಾಕಿದವು. ಮಾಡಬೇಕಾಗಿದ್ದು ಇಷ್ಟೇ: ಹಳೆಯ ವಿಧಾನದ ತಿರುಪುಗಳನ್ನೂ ಹೊಸದರಷ್ಟೇ ಶ್ರದ್ಧೆಯಿಂದ ಹೊಂದಿಸುವುದು. ಹೊಸ ಮಾಡೆಲ್‌ಗೆ ವಾರಗಟ್ಟಲೆ ಸೇವೆ ಮಾಡಿ, ಹಳೆಯದನ್ನು ಸುಮ್ನೆ ಹಾಗೇ ಓಡಿಸಿ ಫಲಿತಾಂಶದ ಟೇಬಲ್ಲಿಗೆ ಹಾಕಿದರೆ ಹೊಸದೇ ಗೆಲ್ಲುತ್ತದೆ. ಟೇಬಲ್ಲಿನಲ್ಲಿ ದಪ್ಪಕ್ಷರದ ಅಂಕಿ ಯಾವುದೆಂದು ನೋಡುವ ವಿಮರ್ಶಕರಿಗೆ ಇದು ಕಾಣುವುದಿಲ್ಲ.

ಡೇಟಾ ಸೈನ್ಸ್ ಬೇರೆ ವಿಜ್ಞಾನಗಳಿಗೆ ಹೋದ ಕಡೆ ತೊಂದರೆ ಇನ್ನೂ ಆಳವಾಗಿದೆ. ಮಾಡೆಲ್‌ಗೆ ಕಲಿಸಲು ಬಳಸಿದ ಡೇಟಾದ ಚೂರು ಪರೀಕ್ಷೆಯ ಡೇಟಾಕ್ಕೂ ಸೋರಿಕೊಂಡರೆ ಅಂಕ ಚೆಂದ ಬರುತ್ತದೆ. ಒಬ್ಬನೇ ರೋಗಿಯ ಹತ್ತು ಎಕ್ಸ್‌ರೇಗಳಲ್ಲಿ ಐದು ಕಲಿಕೆಗೆ, ಐದು ಪರೀಕ್ಷೆಗೆ ಹೋದವು ಎಂದುಕೊಳ್ಳಿ. ಮಾಡೆಲ್ ರೋಗವನ್ನಲ್ಲ, ಆ ರೋಗಿಯನ್ನೇ ಗುರುತು ಹಿಡಿಯುತ್ತದೆ. ಸಯಾಶ್ ಕಪೂರ್ ಮತ್ತು ಅರವಿಂದ್ ನಾರಾಯಣನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 17 ಕ್ಷೇತ್ರಗಳ 294 ಪೇಪರ್‌ಗಳಿಗೆ ಇಂಥ ಸೋರಿಕೆ ತಟ್ಟಿದೆ. ಅಂತರ್ಯುದ್ಧ ಎಲ್ಲಿ ನಡೆಯಬಹುದು ಎಂದು ಊಹಿಸುವ ಪೇಪರ್‌ಗಳನ್ನು ಅವರು ಬಿಡಿಸಿ ನೋಡಿದರು. ಸೋರಿಕೆ ಮುಚ್ಚಿದ ಮೇಲೆ, ಭಾರಿ ಮಾಡೆಲ್‌ಗಳು ಲಾಜಿಸ್ಟಿಕ್ ರಿಗ್ರೆಶನ್ ಎಂಬ ದಶಕಗಳ ಹಳೆಯ ಸರಳ ಲೆಕ್ಕಕ್ಕಿಂತ ಉತ್ತಮವೇನೂ ಆಗಿರಲಿಲ್ಲ. ಇಂಥ ಪೇಪರ್ ನಂಬಿ ತಿಂಗಳುಗಟ್ಟಲೆ ಕೂರುವ ವಿದ್ಯಾರ್ಥಿಯನ್ನು ನೆನೆಸಿಕೊಳ್ಳಿ. ಫಲಿತಾಂಶ ಬರದಿದ್ದಾಗ ತಪ್ಪು ತನ್ನದೇ ಎಂದುಕೊಳ್ಳುತ್ತಾರೆ. ‘ಬರಲಿಲ್ಲ’ ಎಂಬ ಪೇಪರ್ ಬರೆದರೆ ಹಾಕಿಕೊಳ್ಳುವ ಜರ್ನಲ್‌ಗಳೂ ಕಡಿಮೆ.

ವಿಮರ್ಶಕರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಸಂಬಳವಿಲ್ಲ, ಸಮಯವಿಲ್ಲ, ಬರುವ ಪೇಪರ್‌ಗೆ ಲೆಕ್ಕವಿಲ್ಲ. ನ್ಯೂರಿಪ್ಸ್‌ಗೆ 2014ರಲ್ಲಿ ಬಂದ ಪೇಪರ್ ಸುಮಾರು 1,700. 2025ರಲ್ಲಿ 21,000 ದಾಟಿತು. ಆ 2014ರಲ್ಲೇ ಸಂಘಟಕರು ಒಂದು ಒಳ್ಳೆಯ ಪ್ರಯೋಗ ಮಾಡಿದ್ದರು. ಹತ್ತರಲ್ಲಿ ಒಂದು ಪೇಪರನ್ನು ಎರಡು ಬೇರೆ ಬೇರೆ ಸಮಿತಿಗಳಿಗೆ ಕೊಟ್ಟರು. ಒಂದು ಸಮಿತಿ ಒಪ್ಪಿದ ಪೇಪರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಿರಸ್ಕರಿಸಿತು. ತಮ್ಮ ವ್ಯವಸ್ಥೆಯ ಅಳತೆ ತಾವೇ ಮಾಡಿ ಹೊರಗೆ ಹೇಳಿದ ಆ ಧೈರ್ಯಕ್ಕೆ ಮೆಚ್ಚುಗೆ ಸಲ್ಲಬೇಕು. ಜರ್ನಲ್‌ಗಳೂ ಇದನ್ನು ಮಾಡಬೇಕು.

ಈಗ ವಿಮರ್ಶೆಯನ್ನೂ ಎಐ ಕೈಯಲ್ಲಿ ಬರೆಸುವುದು ಶುರುವಾಗಿದೆ. 2025ರ ಜುಲೈನಲ್ಲಿ ಜಪಾನಿನ ನಿಕ್ಕೆ ಪತ್ರಿಕೆ ಆರ್ಕೈವ್‌ನ 17 ಪೇಪರ್‌ಗಳಲ್ಲಿ ಗುಪ್ತ ಸೂಚನೆಗಳನ್ನು ಪತ್ತೆ ಮಾಡಿತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಒಳ್ಳೆಯ ವಿಮರ್ಶೆಯನ್ನೇ ಕೊಡು’ ಎಂಬ ಅರ್ಥದ ಸಾಲು. ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರ ಓದುತ್ತದೆ. ಸರ್ಚ್ ಎಂಜಿನ್‌ಗಳನ್ನು ಮೋಸ ಮಾಡಲು ವೆಬ್ ಪುಟಗಳಲ್ಲಿ ಬಿಳಿ ಅಕ್ಷರ ತುಂಬುತ್ತಿದ್ದ ಹಳೆಯ ಸ್ಪ್ಯಾಮ್ ತಂತ್ರವೇ ಇದು. ಅದನ್ನು ಹಿಡಿಯಲು ಕಲಿತ ಕ್ಷೇತ್ರದ ಬಾಗಿಲಿಗೇ ಬಂದಿದೆ.

ಸಂಶೋಧಕರು ಕೈಕಟ್ಟಿ ಕೂತಿಲ್ಲ ಎಂಬುದು ಸಮಾಧಾನ. 2001ರಲ್ಲಿ ‘ಮಷೀನ್ ಲರ್ನಿಂಗ್’ ಜರ್ನಲ್‌ನ ಸಂಪಾದಕ ಮಂಡಳಿಯ 40 ಮಂದಿ ಬಹಿರಂಗ ಪತ್ರ ಬರೆದು ರಾಜೀನಾಮೆ ಕೊಟ್ಟರು. ದುಬಾರಿ ಚಂದಾ ಕಟ್ಟದೆ ಓದಲಾಗದ ಜರ್ನಲ್‌ಗೆ ಬಿಟ್ಟಿ ಶ್ರಮ ಏಕೆ ಎಂಬುದು ಅವರ ಪ್ರಶ್ನೆ. ಲೆಸ್ಲಿ ಕೇಲ್ಬ್ಲಿಂಗ್ ಮುಂದಾಳತ್ವದಲ್ಲಿ ಶುರುವಾದ ಜೆಎಂಎಲ್‌ಆರ್ ಜರ್ನಲ್ ಎಲ್ಲರಿಗೂ ಉಚಿತ, ಲೇಖಕರಿಗೂ ಖರ್ಚಿಲ್ಲ. 2019ರಲ್ಲಿ ‘ಜರ್ನಲ್ ಆಫ್ ಇನ್‌ಫರ್ಮೆಟ್ರಿಕ್ಸ್’ ಮಂಡಳಿಯೂ ಹೊರಬಂದು ‘ಕ್ವಾಂಟಿಟೇಟಿವ್ ಸೈನ್ಸ್ ಸ್ಟಡೀಸ್’ ಕಟ್ಟಿತು. ಎಸಿಎಂ ತನ್ನ ಪ್ರಕಟಣೆಗಳನ್ನೆಲ್ಲ 2026ರ ಜನವರಿಯಿಂದ ಮುಕ್ತ ಓದಿಗೆ ತೆರೆದಿದೆ. ಆದರೆ ಇಲ್ಲಿ ಓದುವವರ ಬದಲು ಬರೆಯುವವರ ಸಂಸ್ಥೆ ಹಣ ಕೊಡಬೇಕು. ದುಡ್ಡಿಲ್ಲದ ಸಂಸ್ಥೆಯವರಿಗೆ ಬಾಗಿಲು ಇನ್ನೊಂದು ಕಡೆಯಿಂದ ಮುಚ್ಚುವ ಅಪಾಯ ಇದ್ದೇ ಇದೆ.

ಉಚಿತ ಓದು ಬೇಕು. ಆದರೆ ಅದರಿಂದ ಪರೀಕ್ಷೆ ತಾನಾಗಿ ಗಟ್ಟಿಯಾಗುವುದಿಲ್ಲ. ಆ ದಿಕ್ಕಿನಲ್ಲಿ ನನಗೆ ಭರವಸೆ ಕೊಡುವುದು 2022ರಲ್ಲಿ ಶುರುವಾದ ಟಿಎಂಎಲ್‌ಆರ್ ಎಂಬ ಮಷೀನ್ ಲರ್ನಿಂಗ್ ಜರ್ನಲ್. ಅದು ವಿಮರ್ಶಕರನ್ನು ಮುಖ್ಯವಾಗಿ ಎರಡು ಮಾತು ಕೇಳುತ್ತದೆ. ಪೇಪರ್ ಹೇಳಿಕೊಂಡದ್ದಕ್ಕೆ ತಕ್ಕ ಸಾಕ್ಷಿ ಇದೆಯೇ? ಓದುಗರಲ್ಲಿ ಕೆಲವರಿಗಾದರೂ ಇದು ಬೇಕಾಗುತ್ತದೆಯೇ? ‘ದೊಡ್ಡ ಸಾಧನೆಯೇ’ ಎಂದು ಕೇಳುವುದಿಲ್ಲ. ಈ ಸಣ್ಣ ಬದಲಾವಣೆಯಿಂದ ದುರ್ಬಲ ಹೋಲಿಕೆ ಮಾಡಿ ಹಿಗ್ಗಿಸಿ ಹೇಳುವ ಒತ್ತಡ ಕಡಿಮೆಯಾಗುತ್ತದೆ. ಯುರೋಪಿನ ಇಸಿಐಆರ್ ಕಾನ್ಫರೆನ್ಸ್ 2015ರಿಂದ, ಹಳೆಯ ಪೇಪರ್‌ಗಳ ಫಲಿತಾಂಶ ಮತ್ತೆ ಬರುತ್ತದೆಯೇ ಎಂದು ನೋಡುವ ಕೆಲಸಕ್ಕೇ ಪ್ರತ್ಯೇಕ ವಿಭಾಗ ಇಟ್ಟಿದೆ. ಎಸಿಎಂ ಪೇಪರ್‌ಗಳ ಮೇಲೆ ‘ಕೋಡ್ ಸಿಗುತ್ತದೆ’, ‘ಫಲಿತಾಂಶ ಬೇರೆಯವರಿಗೂ ಬಂದಿದೆ’ ಎಂಬ ಮುದ್ರೆಗಳಿವೆ. ನೀವು ಪೇಪರ್ ಓದುವವರಾದರೆ ಜರ್ನಲ್‌ನ ಅಂಕಿ ಬಿಟ್ಟು ಈ ಮುದ್ರೆ ನೋಡಿ, ಹೋಲಿಕೆಗೆ ಇಟ್ಟ ಹಳೆಯ ವಿಧಾನವನ್ನು ಯಾರು ಹೇಗೆ ಓಡಿಸಿದರು ಎಂದು ನೋಡಿ.

‘ಡೇಟಾ ಹೊರಗಿಡಿ’ ಎಂದು ಎಲ್ಲರಿಗೂ ಕಡ್ಡಾಯ ಮಾಡಿದರೆ ಮುಗಿಯಿತಲ್ಲ ಎನ್ನಬಹುದು. ಅಷ್ಟು ಸುಲಭವಿಲ್ಲ. 2006ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಸಂಶೋಧನೆಗೆಂದು ಸುಮಾರು 6.5 ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು ಹೊರಬಿಟ್ಟಿತು. ಹೆಸರಿನ ಬದಲು ಸಂಖ್ಯೆ ಹಾಕಿದ್ದರು. ಆದರೂ ಹುಡುಕಿದ ಪದಗಳನ್ನೇ ಓದಿಕೊಂಡು ಪತ್ರಕರ್ತರು ಕೆಲವೇ ದಿನಗಳಲ್ಲಿ ಒಬ್ಬರ ಮನೆಯವರೆಗೆ ಹೋದರು. ಜನರ ಖಾಸಗಿ ಬದುಕನ್ನು ಒತ್ತೆಯಿಟ್ಟು ಪೇಪರ್ ಪರೀಕ್ಷಿಸುವುದು ಬೇಡ.

ಇದಕ್ಕೂ ದಾರಿ ಇದೆ. ಡೇಟಾ ಇದ್ದಲ್ಲೇ ಇರಲಿ, ಪ್ರೋಗ್ರಾಂ ಅಲ್ಲಿಗೆ ಹೋಗಲಿ. 2013ರಲ್ಲಿ ಟ್ರೆಕ್‌ನ ಟ್ವೀಟ್ ಹುಡುಕಾಟದ ವಿಭಾಗದಲ್ಲಿ ಟ್ವೀಟ್‌ಗಳನ್ನು ಹಂಚಲು ಅನುಮತಿ ಇರಲಿಲ್ಲ. ಸಂಘಟಕರು ಸಂಗ್ರಹವನ್ನು ತಮ್ಮಲ್ಲೇ ಇಟ್ಟುಕೊಂಡು ಅದರಲ್ಲಿ ಹುಡುಕಲು ಎಲ್ಲ ತಂಡಗಳಿಗೂ ಒಂದೇ ಕಿಂಡಿ ತೆರೆದರು. ಟಿರಾ ಎಂಬ ವೇದಿಕೆಯಲ್ಲಿ ಸಂಶೋಧಕರು ಸಾಫ್ಟ್‌ವೇರ್ ಕಳಿಸುತ್ತಾರೆ, ಅವರಿಗೆ ಕಾಣದ ಡೇಟಾ ಮೇಲೆ ಅದು ಓಡುತ್ತದೆ. ಜರ್ನಲ್ ಒಂದು ಪೇಪರ್ ಒಪ್ಪುವ ಮೊದಲು ಇಂಥ ಕಡೆ ಒಮ್ಮೆ ಓಡಿಸಿ ನೋಡುವುದನ್ನು ನಿಯಮ ಮಾಡಬಹುದು. ಇದಕ್ಕೆ ಸರ್ವರ್ ಬೇಕು, ಎಐ ಲೆಕ್ಕ ಮಾಡುವ ಜಿಪಿಯು ಚಿಪ್ ಬೇಕು, ನೋಡಿಕೊಳ್ಳುವ ಎಂಜಿನಿಯರ್‌ಗೆ ಸಂಬಳ ಬೇಕು. ಎಷ್ಟೋ ಪ್ರಕಾಶಕರು ಲೇಖಕರಿಂದ ಪ್ರತಿ ಪೇಪರ್‌ಗೆ ಶುಲ್ಕ ತೆಗೆದುಕೊಳ್ಳುತ್ತಾರೆ, ವಿಮರ್ಶೆಯನ್ನು ಬಿಟ್ಟಿಯಾಗಿ ಮಾಡಿಸಿಕೊಳ್ಳುತ್ತಾರೆ. ಆ ಶುಲ್ಕದ ಎಷ್ಟು ಪಾಲು ಪರೀಕ್ಷೆಗೆ ಹೋಗುತ್ತದೆ ಎಂದು ಪ್ರತಿ ಜರ್ನಲ್ ತನ್ನ ಇಂಪ್ಯಾಕ್ಟ್ ಫ್ಯಾಕ್ಟರ್ ಪಕ್ಕದಲ್ಲೇ ಪ್ರಕಟಿಸಲಿ.